250ನೇ ಕೋಣೆಯಿಂದ ಉಟೋಯಾದ ದಂಡೆಗೆ: ನಾರ್ವೆಯಲ್ಲಿ ಐದು ದಿನ

ಮೊದಲ ದಿನ: ಓಸ್ಲೋ ನ್ಯಾಯಾಲಯ

ವಿಮಾನ ನಿಲ್ದಾಣದಿಂದ ಓಸ್ಲೋ ನಗರಕ್ಕೆ ರೈಲಿನಲ್ಲಿ ಬರುವಾಗ ರಾತ್ರಿ ಹತ್ತು ಗಂಟೆಯಾಗಿದ್ದರೂ, ಗೋಧಿಯ ಹೊಲಗಳ ಮೇಲೆ ನಮ್ಮೂರಿನ ಸಂಜೆ ಐದರಂಥ ಬೆಳಕು ಬಿದ್ದಿತ್ತು. 2024ರ ಜೂನ್ ತಿಂಗಳ ನಡುಭಾಗ. ಅಣ್ಣನ ಮಗಳು ಮಾನಸ ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾಗಿದೆ. ಕಡಲ ಕವಲುಗಳಲ್ಲಿ ದೋಣಿಯಾನ, ಪರ್ವತದ ರೈಲು ಎಂದು ಅವಳು ಐದು ದಿನಗಳ ಯೋಜನೆ ಮಾಡಿಟ್ಟಿದ್ದಳು. ನಾನು ಮೊದಲು ನ್ಯಾಯಾಲಯ ನೋಡಬೇಕು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವಿಚಾರಣೆ ನಡೆದ ಕಟ್ಟಡವೇ, ಅತ್ತೆ?" ಎಂದು ಕೇಳಿದಳು.

ಅದೇ ಕಟ್ಟಡ. 2011ರ ಜುಲೈ 22ರಂದು ಆಂಡರ್ಸ್ ಬೆಹ್ರಿಂಗ್ ಬ್ರೈವಿಕ್ ಎಂಬ 32 ವರ್ಷದ ವ್ಯಕ್ತಿ ಓಸ್ಲೋದ ಸರ್ಕಾರಿ ಕಚೇರಿಗಳ ಮುಂದೆ ಗೊಬ್ಬರದಿಂದ ಮಾಡಿದ ಬಾಂಬನ್ನು ವ್ಯಾನಿನಲ್ಲಿಟ್ಟು ಸಿಡಿಸಿ ಎಂಟು ಜನರನ್ನು ಕೊಂದ. ಅಲ್ಲಿಂದ ಪೊಲೀಸ್ ವೇಷದಲ್ಲಿ ಉಟೋಯಾ ಎಂಬ ಪುಟ್ಟ ದ್ವೀಪಕ್ಕೆ ಹೋಗಿ, ಲೇಬರ್ ಪಕ್ಷದ ಯುವ ಸಂಘಟನೆಯ ಬೇಸಿಗೆ ಶಿಬಿರದಲ್ಲಿದ್ದ 69 ಮಂದಿಯನ್ನು ಗುಂಡಿಟ್ಟು ಕೊಂದ. ಅವರಲ್ಲಿ ಹೆಚ್ಚಿನವರು ಹದಿಹರೆಯದ ಮಕ್ಕಳು. ಕೊಂದವನು ಯಾರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅವನೂ ನಿರಾಕರಿಸಲಿಲ್ಲ. 2012ರ ಏಪ್ರಿಲ್ 16ರಿಂದ ಹತ್ತು ವಾರ ನಡೆದ ವಿಚಾರಣೆಯ ಬಹುಭಾಗ ಸುತ್ತಿದ್ದು ಒಂದೇ ಪ್ರಶ್ನೆಯನ್ನು: ಈ ಮನುಷ್ಯ ಚಿತ್ತಸ್ವಾಸ್ಥ್ಯ ಉಳ್ಳವನೇ, ಇಲ್ಲವೇ? ಅವನ ಬಾಯಿಂದ ಬರುತ್ತಿದ್ದುದು ಸಿದ್ಧಾಂತವೇ, ಧರ್ಮವೇ, ರೋಗವೇ?

ಆ ಪ್ರಶ್ನೆ ನನ್ನನ್ನು ಅಷ್ಟು ದೂರ ಎಳೆದದ್ದಕ್ಕೆ ಕಾರಣವಿದೆ. 34 ವರ್ಷ ವಕೀಲಿಕೆ ಮಾಡಿದ ನಾನು 1998ರಲ್ಲಿ ಒಬ್ಬ ಕೂಲಿಕಾರನ ಪರ ವಕಾಲತ್ತು ವಹಿಸಿದ್ದೆ. ತನ್ನ ಒಡಹುಟ್ಟಿದ ಅಣ್ಣನ ಮೈಯೊಳಗೆ ಬೇರೆ ಏನೋ ಬಂದು ಕುಳಿತಿದೆ, ಅದು ರಾತ್ರಿಯೆಲ್ಲ ತನ್ನ ಹೆಸರು ಹಿಡಿದು ಕರೆಯುತ್ತಿದೆ ಎಂದು ನಂಬಿ ಅವನು ಅಣ್ಣನನ್ನು ಕೊಡಲಿಯಿಂದ ಕಡಿದಿದ್ದ. ಚಿತ್ತವಿಕಲರನ್ನು ಶಿಕ್ಷೆಯಿಂದ ಕಾಯುವ ಭಾರತೀಯ ದಂಡ ಸಂಹಿತೆಯ 84ನೇ ಕಲಮಿನ ರಕ್ಷಣೆ ಕೇಳಿ ನಾನು ಸೋತೆ. ಆ ಸೋಲನ್ನು ನಾನು ಇನ್ನೂ ಕೆಳಗಿಟ್ಟಿಲ್ಲ.

ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿಯೇ ಹೊರಟೆವು. ಜೂನ್ ಎಂದು ನಂಬಿ ತೆಳುವಾದ ಸೀರೆ, ಚಪ್ಪಲಿಯಲ್ಲಿ ಬಂದಿದ್ದ ನನಗೆ ಮಾನಸ ತನ್ನ ಮಳೆಯಂಗಿ ತೊಡಿಸಿದಳು. ಆ ದೇಶಕ್ಕೆ ಬೇಸಿಗೆಯಲ್ಲಿ ಹೋಗುವವರೂ ಅದೊಂದನ್ನು ಮರೆಯಬಾರದು. ನ್ಯಾಯಾಲಯದ ಕಟ್ಟಡಕ್ಕೆ ನಮ್ಮ ಕಡೆಯ ಕೋರ್ಟುಗಳ ಗದ್ದಲವಿಲ್ಲ, ಟೈಪಿಂಗ್ ಮೇಜುಗಳಿಲ್ಲ, ಅಂಗಳದಲ್ಲಿ ಕಾಯುವ ಕುಟುಂಬಗಳಿಲ್ಲ. ಅಲ್ಲಿ ವಿಚಾರಣೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ. ಬ್ಯಾಗನ್ನು ತಪಾಸಣೆಗೆ ಒಪ್ಪಿಸಿದರೆ ಸಾಕು. 250ನೇ ಕೋಣೆ ಆ ವಿಚಾರಣೆಗೆಂದೇ ಸಜ್ಜುಗೊಳಿಸಿದ್ದು. ಆ ದಿನ ಅದರ ಬಾಗಿಲು ಮುಚ್ಚಿತ್ತು. ನಾವು ಮತ್ತೊಂದು ಕೋಣೆಯಲ್ಲಿ ಸಣ್ಣ ಪ್ರಕರಣವೊಂದನ್ನು ಅರ್ಧ ಗಂಟೆ ನೋಡಿದೆವು. ಕಟಕಟೆಯೇ ಇಲ್ಲ. ಆರೋಪಿ ತನ್ನ ವಕೀಲರ ಪಕ್ಕದಲ್ಲಿ, ಅವರಂತೆಯೇ ಕುರ್ಚಿಯ ಮೇಲೆ ಕೂರುತ್ತಾನೆ. ಬ್ರೈವಿಕ್ ಕೂಡ ಹಾಗೆಯೇ ಕುಳಿತಿದ್ದ. ಮೊದಲ ದಿನ ಅವನು ಬಿಗಿದ ಮುಷ್ಟಿಯನ್ನು ಎತ್ತಿ ತೋರಿಸಿದ್ದನ್ನು ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚು ಹಾಕಿದವು. ಅದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಅಭಿಯೋಜಕರು ಬಂದು ಅವನ ಕೈ ಕುಲುಕಿದ ಚಿತ್ರ. ಹೊರಗಿನವರಿಗೆ ಅದು ಸಹಿಸಲಾಗದ ದೃಶ್ಯವಾಗಿತ್ತು. ಇದು ಅಲ್ಲಿಯ ನ್ಯಾಯಾಲಯದ ರೂಢಿ, ಎದುರಿಗಿರುವವನು ಯಾರೇ ಆಗಿರಲಿ ರೂಢಿಯನ್ನು ಬಿಡಬಾರದು ಎಂಬುದೇ ಅವರ ನಿಲುವಾಗಿತ್ತು ಎಂದು ನನಗೆ ಆ ಸಣ್ಣ ಕೋಣೆಯಲ್ಲಿ ಕುಳಿತಾಗ ಅರ್ಥವಾಯಿತು.

ಎರಡನೆಯ ದಿನ: ಸರ್ಕಾರಿ ಕಚೇರಿಗಳ ಬೀದಿ

ಬಾಂಬ್ ಸಿಡಿದ ಜಾಗದಲ್ಲಿ ನಾವು ಹೋದಾಗ ಕ್ರೇನುಗಳು ನಿಂತಿದ್ದವು. ಹೊಸ ಆಡಳಿತ ಸಮುಚ್ಚಯ ಏಳುತ್ತಿತ್ತು. ಅಂದು ಗಾಜುಗಳೆಲ್ಲ ಉದುರಿದ ಎತ್ತರದ ಕಟ್ಟಡವನ್ನು ಮಾತ್ರ ಕೆಡವದೆ ಉಳಿಸಿಕೊಂಡಿದ್ದಾರೆ. ಹತ್ತಿರದಲ್ಲಿಯೇ ಜುಲೈ 22ರ ಕೇಂದ್ರವಿತ್ತು. ಅದನ್ನು ವಸ್ತುಸಂಗ್ರಹಾಲಯ ಎನ್ನುವುದಕ್ಕಿಂತ ಶಾಲೆ ಎನ್ನುವುದು ಸರಿ. ನಾವು ಹೋದಾಗ ಹದಿನೈದರ ಆಸುಪಾಸಿನ ಮಕ್ಕಳ ತಂಡವೊಂದು ನೆಲದ ಮೇಲೆ ಕುಳಿತು ಶಿಕ್ಷಕಿಯೊಂದಿಗೆ ಮಾತನಾಡುತ್ತಿತ್ತು. ಆ ಮಕ್ಕಳಿಗೆ 2011ರ ನೆನಪಿರಲು ಸಾಧ್ಯವಿಲ್ಲ. ಸತ್ತವರ ಭಾವಚಿತ್ರಗಳಿದ್ದ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನ್ಯಾಯಾಲಯದಲ್ಲಿಯೂ ಪ್ರತಿಯೊಬ್ಬರ ಮರಣೋತ್ತರ ವರದಿಯನ್ನು ಓದಿದ ನಂತರ ಅವರ ಭಾವಚಿತ್ರ ತೋರಿಸಿ, ಅವರು ಯಾರಾಗಿದ್ದರು, ಏನನ್ನು ಇಷ್ಟಪಡುತ್ತಿದ್ದರು ಎಂಬ ನಾಲ್ಕು ಮಾತು ಹೇಳಲಾಗಿತ್ತು. ಸತ್ತವರನ್ನು 'ಮೃತ 1', 'ಮೃತ 2' ಎಂದು ಸಂಬೋಧಿಸುವ ಆರೋಪಪಟ್ಟಿಗಳ ನಡುವೆ ಆಯುಷ್ಯ ಕಳೆದ ನನಗೆ ಆ ಕೋಣೆಯಿಂದ ಬೇಗ ಹೊರಬರಲಾಗಲಿಲ್ಲ.

ಮಧ್ಯಾಹ್ನ ಮಳೆ ಜೋರಾದಾಗ ಒಂದು ಕೆಫೆಯಲ್ಲಿ ಕುಳಿತು, ಸೀಗಡಿ ಹಾಕಿದ ಬ್ರೆಡ್ಡನ್ನು ಮಾನಸಳಿಗೆ ಬಿಟ್ಟು, ನಾನು ಕಂದು ಬಣ್ಣದ ಸಿಹಿ ಚೀಸಿನ ಚೂರುಗಳನ್ನು ಬಿಸಿ ವ್ಯಾಫಲ್ ಮೇಲಿಟ್ಟುಕೊಂಡು ತಿಂದೆ. ಅದರ ರುಚಿ ನಮ್ಮ ಧಾರವಾಡ ಪೇಡೆಯ ತಳ ಹತ್ತಿದ ಖೋವಾಕ್ಕೆ ಬಹಳ ಹತ್ತಿರ. ಅಲ್ಲಿಯೇ ನಾನು ಮಾನಸಳಿಗೆ ಎರಡು ವರದಿಗಳ ಕಥೆ ಹೇಳಿದೆ.

ನ್ಯಾಯಾಲಯ ಮೊದಲು ನೇಮಿಸಿದ ಇಬ್ಬರು ಮನೋವೈದ್ಯರು ಬ್ರೈವಿಕ್‌ನೊಂದಿಗೆ 13 ಬಾರಿ, ಒಟ್ಟು 36 ಗಂಟೆ ಮಾತನಾಡಿ, 243 ಪುಟಗಳ ವರದಿ ಬರೆದರು. ಅವನಿಗೆ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದೆ, ಕೃತ್ಯದ ಹೊತ್ತಿನಲ್ಲಿ ಅವನು ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪಿದ ಸ್ಥಿತಿಯಲ್ಲಿದ್ದ ಎಂಬುದು 2011ರ ನವೆಂಬರ್‌ನಲ್ಲಿ ಅವರು ಕೊಟ್ಟ ನಿರ್ಣಯ. ಆಗ ನಾರ್ವೆಯಲ್ಲಿದ್ದ ಕಾನೂನಿನ ಪ್ರಕಾರ ಅಷ್ಟು ಸಾಕಿತ್ತು. ನಮ್ಮ 84ನೇ ಕಲಮು ಬ್ರಿಟನ್ನಿನ 1843ರ ಮ್ಯಾಕ್‌ನಾಟನ್ ನಿಯಮಗಳ ಜಾಡಿನದು: ಆರೋಪಿಗೆ ಚಿತ್ತವಿಕಲತೆ ಇದ್ದರಷ್ಟೇ ಸಾಲದು, ಅದರಿಂದಾಗಿ ತಾನು ಮಾಡುತ್ತಿರುವುದು ಏನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದೇ ಅವನಿಗೆ ತಿಳಿಯದ ಸ್ಥಿತಿ ಇರಬೇಕು, ಅದನ್ನು ತೋರಿಸುವ ಹೊರೆಯೂ ಅವನ ಮೇಲೆಯೇ. ನಾರ್ವೆಯ ಕಾನೂನು ಕೇಳುತ್ತಿದ್ದುದು ಒಂದನ್ನೇ: ಆ ಗಳಿಗೆಯಲ್ಲಿ ಸೈಕೋಸಿಸ್ ಇತ್ತೇ? ಇದ್ದರೆ ಶಿಕ್ಷೆಯಿಲ್ಲ, ಚಿಕಿತ್ಸೆ. ಬ್ರೈವಿಕ್ ನಮ್ಮ ನ್ಯಾಯಾಲಯದ ಮುಂದೆ ಬಂದಿದ್ದರೆ ಈ ವಾದ ಒಂದು ದಿನವೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಜಮೀನನ್ನು ಗುತ್ತಿಗೆ ಹಿಡಿದು, ಕೃಷಿಕನ ಹೆಸರಿನಲ್ಲಿ ಗೊಬ್ಬರ ತರಿಸಿ, ಪೊಲೀಸರ ಉಡುಪು ಹೊಂದಿಸಿಕೊಂಡವನಿಗೆ ತಾನು ಕಾನೂನು ಮುರಿಯುತ್ತಿದ್ದೇನೆಂಬುದು ಚೆನ್ನಾಗಿ ಗೊತ್ತಿತ್ತು.

ವರದಿ ಬಂದ ಮೇಲೆ ನಾರ್ವೆಯಲ್ಲಿ ದೊಡ್ಡ ತಕರಾರೆದ್ದಿತು. ಬದುಕುಳಿದವರ ಪರ ವಕೀಲರು ಎರಡನೆಯ ಪರೀಕ್ಷೆ ಕೇಳಿದರು, ನ್ಯಾಯಾಲಯವೂ ಒಪ್ಪಿ ಮತ್ತಿಬ್ಬರನ್ನು ನೇಮಿಸಿತು. ವಿಚಾರಣೆಗೆ ಆರು ದಿನ ಮೊದಲು ಬಂದ ಅವರ ವರದಿ ಪೂರ್ತಿ ತದ್ವಿರುದ್ಧ: ಸೈಕೋಸಿಸ್ ಇಲ್ಲ, ಇರುವುದು ಅತಿಯಾದ ಆತ್ಮರತಿಯ ವ್ಯಕ್ತಿತ್ವ ದೋಷ, ಅವನು ಹೊಣೆಗಾರ.

"ಒಬ್ಬನೇ ಮನುಷ್ಯ, ಅವವೇ ಮಾತುಗಳು, ಎರಡು ರೋಗನಿರ್ಣಯ ಹೇಗಾಗುತ್ತದೆ?" ಎಂದಳು ಮಾನಸ.

ಈ ವಿಚಾರಣೆಯ ಜೀವಾಳ ಇರುವುದು ಅಲ್ಲಿಯೇ ಎಂದು ನನ್ನ ನಂಬಿಕೆ. ತಾನು ನೈಟ್ಸ್ ಟೆಂಪ್ಲರ್ ಎಂಬ, ಮಧ್ಯಯುಗದ ಕ್ರೈಸ್ತ ಧರ್ಮಯೋಧರ ಹೆಸರಿನ ಸಂಘದ ಸೇನಾಪತಿ, ಅದು 2002ರಲ್ಲಿ ಲಂಡನ್ನಿನಲ್ಲಿ ಮತ್ತೆ ಹುಟ್ಟಿತು, ಯುರೋಪಿನಲ್ಲಿ ಅಂತರ್ಯುದ್ಧ ಶುರುವಾಗಿದೆ, ಯಾರು ಬದುಕಬೇಕೆಂದು ನಿರ್ಧರಿಸುವ ಹೊಣೆ ತನ್ನದು ಎಂದು ಅವನು ಹೇಳುತ್ತಿದ್ದ. ಅವನ ವಿಚಿತ್ರ ಪದಗಳನ್ನು ಮೊದಲ ವೈದ್ಯರು ರೋಗಿಗಳು ತಾವೇ ಟಂಕಿಸಿಕೊಳ್ಳುವ ಹೊಸ ಪದಗಳು ಎಂದು ಬರೆದುಕೊಂಡರು, ಆ ನಂಬಿಕೆಗಳನ್ನು ಭ್ರಮೆಗಳೆಂದು ಗುರುತಿಸಿದರು. ಆದರೆ ಬಲಪಂಥೀಯ ಉಗ್ರವಾದವನ್ನು ಅಧ್ಯಯನ ಮಾಡಿದ ವಿದ್ವಾಂಸರು, ಅವರಲ್ಲಿ ಧರ್ಮಗಳ ಇತಿಹಾಸಕಾರರೂ ಇದ್ದರು, ನ್ಯಾಯಾಲಯದಲ್ಲಿ ಸಾಕ್ಷಿ ನುಡಿದು, ಆ ಪದಗಳಲ್ಲಿ ಹಲವು ಅಂತರ್ಜಾಲದ ಒಂದು ದೊಡ್ಡ ಮೂಲೆಯಲ್ಲಿ ದಿನವೂ ಚಲಾವಣೆಯಲ್ಲಿವೆ, ಮುಸ್ಲಿಮರು ಯುರೋಪನ್ನು ಒಳಗಿನಿಂದ ವಶಪಡಿಸಿಕೊಳ್ಳುತ್ತಿದ್ದಾರೆ ಎಂಬ ಕಥೆಯನ್ನು ಸಾವಿರಾರು ಜನ ನಂಬುತ್ತಾರೆ ಎಂದು ತೋರಿಸಿದರು. ಅವನು ಹಂಚಿದ 1,500ಕ್ಕೂ ಹೆಚ್ಚು ಪುಟಗಳ ಹೇಳಿಕೆಯ ಬಹುಭಾಗ ಬೇರೆಯವರ ಬರಹಗಳಿಂದ ಎತ್ತಿಕೊಂಡದ್ದು. ಅದರ ಶೀರ್ಷಿಕೆಯಲ್ಲಿದ್ದ 2083 ಕೂಡ ಜ್ವರದಲ್ಲಿ ಕಂಡ ಸಂಖ್ಯೆಯಲ್ಲ. ತುರ್ಕರ ಒಟ್ಟೋಮನ್ ಸೇನೆಯನ್ನು ಯುರೋಪಿನ ಕ್ರೈಸ್ತ ಸೇನೆಗಳು ಸೋಲಿಸಿದ 1683ರ ವಿಯೆನ್ನಾ ಕದನಕ್ಕೆ 400 ವರ್ಷ ತುಂಬುವ ವರ್ಷ ಅದು. ಅದರಲ್ಲಿ ಭಾರತವೂ ಬರುತ್ತದೆ. ಹಿಂದೂ ರಾಷ್ಟ್ರೀಯವಾದಿಗಳನ್ನು ತನ್ನ ಹೋರಾಟದ ಮಿತ್ರರೆಂದು ಅವನು ಎಣಿಸಿಕೊಂಡಿದ್ದ, ತನ್ನ ಎದೆಯ ಬ್ಯಾಡ್ಜನ್ನು ವಾರಾಣಸಿಯಲ್ಲಿ ಮಾಡಿಸಿ ತರಿಸಿಕೊಂಡಿದ್ದ. ಈ ವಿಷಯವನ್ನು ನಾನು ಮೊದಲು ಓದಿದಾಗ, ಇದು ದೂರದ ಹಿಮದ ದೇಶದ ಸುದ್ದಿ ಎಂಬ ಭಾವನೆ ನನ್ನಿಂದ ಬಿಟ್ಟುಹೋಯಿತು.

ಧರ್ಮದ ವಿಚಾರದಲ್ಲಿಯೂ ಇದೇ ತೊಡಕು. ಅವನು ನಾರ್ವೆಯ ಚರ್ಚಿನಲ್ಲಿ ದೀಕ್ಷೆ ಪಡೆದವನು, ಶಿಲುಬೆಯ ಯೋಧರ ಚಿಹ್ನೆ ಧರಿಸಿದವನು. ಆದರೆ ದೇವರೊಂದಿಗೆ ವೈಯಕ್ತಿಕ ಸಂಬಂಧವಿರುವ ಕ್ರೈಸ್ತ ಬೇರೆ, ಸಂಸ್ಕೃತಿಯ ಮಟ್ಟಿಗೆ ಕ್ರೈಸ್ತನಾದವನು ಬೇರೆ ಎಂದು ಭೇದ ಮಾಡಿ ತನ್ನನ್ನು ಎರಡನೆಯ ಗುಂಪಿಗೆ ಸೇರಿಸಿಕೊಂಡ. ಸೆರೆಮನೆಯಲ್ಲಿ ವರ್ಷಗಳು ಕಳೆದ ಮೇಲೆ, ಕ್ರೈಸ್ತ ಧರ್ಮಕ್ಕೂ ಮುಂಚೆ ಅಲ್ಲಿ ಪೂಜೆಗೊಳ್ಳುತ್ತಿದ್ದ ಓಡಿನ್ ದೇವತೆಯ ಹೆಸರು ಹೇಳತೊಡಗಿದ. ಅಂಥವನಿಗೆ ಧರ್ಮವೆಂದರೆ ಶತ್ರುವನ್ನು ಗುರುತಿಸಲು ಎಳೆಯುವ ಗಡಿರೇಖೆ. ಪ್ರಾರ್ಥನೆಯಿಲ್ಲದ, ಪಾಪದ ಅಳುಕಿಲ್ಲದ ಆ ಧರ್ಮವನ್ನು ಧರ್ಮವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಂಜೆ ಗ್ರೋನ್‌ಲ್ಯಾಂಡ್ ಬಡಾವಣೆಯಲ್ಲಿ ತರಕಾರಿ ಕೊಂಡೆವು. ಅಲ್ಲಿ ಕರಿಬೇವು, ಹಸಿಮೆಣಸಿನಕಾಯಿ, ಹೀರೇಕಾಯಿ ಎಲ್ಲ ಸಿಗುತ್ತವೆ, ಆದರೆ ಭಾನುವಾರ ಅಂಗಡಿಗಳು ಮುಚ್ಚುವುದರಿಂದ ಶನಿವಾರವೇ ಹೋಗಬೇಕು. ಮರಳುವಾಗ ಟ್ಯಾಕ್ಸಿಯ ಚಾಲಕರು ಲಾಹೋರ್ ಕಡೆಯಿಂದ ಬಂದು 40 ವರ್ಷ ಕಳೆದವರು. ನನ್ನ ದಖನಿ ಹಿಂದಿ ಕೇಳಿ ಮಾತಿಗೆ ತೊಡಗಿದರು. ಬಾಂಬ್ ಸಿಡಿದ ಮೊದಲ ಗಂಟೆಗಳಲ್ಲಿ ಟಿ.ವಿ.ಯಲ್ಲಿ ಎಲ್ಲರೂ ಇಸ್ಲಾಮಿ ಉಗ್ರರ ಹೆಸರೆತ್ತಿದ್ದರು, ಅವರ ಮಗಳಿಗೆ ಬಸ್ಸಿನಲ್ಲಿ ಒಬ್ಬ ಉಗುಳಿದ್ದ. "ಬೆಹೆನ್‌ಜೀ, ರಾತ್ರಿ ಅವನ ಫೋಟೋ ಬಂದಾಗ ನಾನು ಉಸಿರು ಬಿಟ್ಟೆ. ಸತ್ತ ಮಕ್ಕಳು ನೆನಪಾಗಿ ಆಮೇಲೆ ನಾಚಿಕೆಯಾಯಿತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವನು ನಮ್ಮವನಾಗಿದ್ದರೆ ಹುಚ್ಚನೋ ಅಲ್ಲವೋ ಎಂದು ಯಾರು ಕೇಳುತ್ತಿದ್ದರು?" ಎಂದರು. ಮಾನಸ ಮೆಲ್ಲಗೆ, 2022ರ ಜೂನ್ 25ರಂದು ಓಸ್ಲೋದ ಬಾರೊಂದರ ಮುಂದೆ ಇಬ್ಬರನ್ನು ಗುಂಡಿಟ್ಟು ಕೊಂದವನ ವಿಚಾರಣೆಯನ್ನು ನೆನಪಿಸಿದಳು. ಇರಾನಿನಿಂದ ಬಂದ ಕುಟುಂಬದ ಅವನ ಬಗ್ಗೆಯೂ ಇದೇ ಪ್ರಶ್ನೆಯನ್ನು ಕೇಳಲಾಗಿತ್ತು, ಮನೋವೈದ್ಯರು ಆಗಲೂ ಒಮ್ಮತಕ್ಕೆ ಬಂದಿರಲಿಲ್ಲ. ತೀರ್ಪು ನಾವಿದ್ದಾಗ ಇನ್ನೂ ಬಂದಿರಲಿಲ್ಲ. ಚಾಲಕರು ಹೌದೆಂದು ತಲೆಯಾಡಿಸಿದರು. "ಕೇಳಿದರು, ಸರಿ. ಆದರೆ ಹನ್ನೊಂದು ವರ್ಷ ಹಿಡಿಯಿತು" ಎಂದರು.

ಮೂರನೆಯ ದಿನ: ವಿಂಡೆರೆನ್

ಮೂರನೆಯ ದಿನ ಬೆಟ್ಟದ ಮೇಲಿನ ಕಾಡಿಗೆ ಹೋಗುವ ಮೆಟ್ರೋ ಹಿಡಿದೆವು. ಬಿಸಿಲು ಬಿದ್ದಿತ್ತು, ಬೇಲಿಗಳ ಮೇಲೆ ಲೈಲಾಕ್ ಹೂವಿನ ಕೊನೆಯ ಗೊಂಚಲುಗಳು ಬಾಡುತ್ತಿದ್ದವು. ದಾರಿಯಲ್ಲಿ ವಿಂಡೆರೆನ್ ಎಂಬ ನಿಲ್ದಾಣ ಬಂದಾಗ ನಾನು ಮಾನಸಳ ಕೈಹಿಡಿದು ಇಳಿಸಿಬಿಟ್ಟೆ. ಇಲ್ಲಿಯ ಮನೋವೈದ್ಯಕೀಯ ಚಿಕಿತ್ಸಾಲಯಕ್ಕೆ 1945ರಲ್ಲಿ ನಾರ್ವೆಯ ನೊಬೆಲ್ ಲೇಖಕ ಕ್ನೂಟ್ ಹಾಮ್ಸುನ್ ಅವರನ್ನು ಪರೀಕ್ಷೆಗೆ ತಂದಿದ್ದರು. ಹಿಟ್ಲರನ ಪರ ಬರೆದಿದ್ದ, ದೇಶವಿಡೀ ಓದಿ ಪ್ರೀತಿಸಿದ್ದ ಆ ಎಂಬತ್ತು ದಾಟಿದ ಮುದುಕನನ್ನು ದೇಶದ್ರೋಹಕ್ಕಾಗಿ ಜೈಲಿಗೆ ಹಾಕುವುದು ಯಾರಿಗೂ ಬೇಕಿರಲಿಲ್ಲ. ವೈದ್ಯರು 'ಶಾಶ್ವತವಾಗಿ ಕುಂದಿದ ಮಾನಸಿಕ ಶಕ್ತಿ' ಎಂದು ಬರೆದರು, ಕ್ರಿಮಿನಲ್ ಮೊಕದ್ದಮೆ ನಿಂತುಹೋಯಿತು, ದಂಡ ಮಾತ್ರ ಉಳಿಯಿತು. ಅದಾದ ಮೇಲೆ, 1949ರಲ್ಲಿ, ಅವರು ಆ ಪರೀಕ್ಷೆಯ ಬಗ್ಗೆಯೇ ಒಂದು ಪುಸ್ತಕ ಬರೆದು, ತಮ್ಮ ಬುದ್ಧಿ ಕುಂದಿಲ್ಲವೆಂಬುದನ್ನು ಅಕ್ಷರಗಳಲ್ಲಿ ತೋರಿಸಿದರು. ಒಪ್ಪಲಾಗದ ವಿಚಾರವನ್ನು ರೋಗದ ಕಡತದಲ್ಲಿ ಇರಿಸಿಬಿಡುವ ಆಸೆ ಆ ದೇಶಕ್ಕೆ ಹೊಸದಾಗಿರಲಿಲ್ಲ.

ಇಳಿದ ಮೇಲೆ ಆ ಚಿಕಿತ್ಸಾಲಯ ಯಾವುದೆಂದು ನಮಗೆ ಪತ್ತೆಯಾಗಲಿಲ್ಲ. ದಾರಿ ಕೇಳಿದವರೆಲ್ಲ ಚಿಕ್ಕ ವಯಸ್ಸಿನವರು, ಮಕ್ಕಳ ಗಾಡಿ ತಳ್ಳುತ್ತಿದ್ದವರು. ಬೇಕರಿಯಿಂದ ಏಲಕ್ಕಿ ಹಾಕಿದ ಬನ್ನು ಕೊಂಡು ಮತ್ತೆ ರೈಲು ಹತ್ತಿದೆವು.

ನಾಲ್ಕನೆಯ ದಿನ: ಟೀರಿಫ್ಯೋರ್ಡ್ ದಂಡೆ

ಓಸ್ಲೋದಿಂದ ಉಟೋಯಾಕ್ಕೆ ಸುಮಾರು 40 ಕಿಲೋಮೀಟರ್. ಬಸ್ಸು ಸೋಲಿಹೋಗ್ಡಾ ಏರು ಹತ್ತಿ ಇಳಿಯುತ್ತಿದ್ದಂತೆ ಎಡಕ್ಕೆ ಟೀರಿಫ್ಯೋರ್ಡ್ ಸರೋವರ ತೆರೆದುಕೊಳ್ಳುತ್ತದೆ. ಮೋಡದ ನೆರಳುಗಳು ನೀರಿನ ಮೇಲೆ ಜಾರುತ್ತಿದ್ದವು. ನಮ್ಮ ಶರಾವತಿಯ ಹಿನ್ನೀರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಾಣುವಂಥ ಬಣ್ಣ. ನೋಡುತ್ತ ಕುಳಿತು ಗುಂಡಿ ಒತ್ತುವುದು ತಡವಾಗಿ, ಬಸ್ಸು ನಮ್ಮನ್ನು ಒಂದು ನಿಲ್ದಾಣ ಮುಂದೆ ಇಳಿಸಿತು. ಆ ಹೆದ್ದಾರಿ ಇಕ್ಕಟ್ಟಾದುದು, ಕಾಲುದಾರಿಯಿಲ್ಲ, ಲಾರಿಗಳು ಬೀಸಿ ಹೋಗುವಾಗ ಗಾಳಿಗೆ ಮೈ ವಾಲುತ್ತದೆ. ಯಾರಾದರೂ ಆ ದಾರಿಯಲ್ಲಿ ಹೋಗುವುದಾದರೆ ಚಾಲಕರಿಗೆ ಮೊದಲೇ ಹೇಳಿಟ್ಟಿರುವುದು ಮೇಲು. ಹತ್ತು ನಿಮಿಷ ನಡೆಯುವುದರೊಳಗೆ ಒಬ್ಬ ವೃದ್ಧರು ಹಳೆಯ ಕಾರು ನಿಲ್ಲಿಸಿ, ಏನೂ ಕೇಳದೆ ಹಿಂದಿನ ಬಾಗಿಲು ತೆರೆದರು.

ನಾವು ಎಲ್ಲಿಗೆ ಹೋಗುತ್ತಿದ್ದೇವೆಂದು ಅವರಿಗೆ ಗೊತ್ತಾಗಿತ್ತು. ಆ ದಂಡೆಯಲ್ಲಿ ಮನೆಯಿರುವವರಲ್ಲಿ ಒಬ್ಬರು. ಅಂದು ಸಂಜೆ ಅಲ್ಲಿದ್ದ ಜನ, ಬಿಡಾರ ಹೂಡಿದ್ದ ಪ್ರವಾಸಿಗರೂ ಸೇರಿ, ಗುಂಡಿನ ಸದ್ದು ಕೇಳುತ್ತಿದ್ದರೂ ತಮ್ಮ ಸಣ್ಣ ದೋಣಿಗಳನ್ನು ನೀರಿಗಿಳಿಸಿ, ಈಜಿ ಬರುತ್ತಿದ್ದ ಮಕ್ಕಳನ್ನು ಎತ್ತಿಕೊಂಡಿದ್ದರು. ನೀವೂ ಹೋಗಿದ್ದಿರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ಹೇಳಿದ್ದು ಸ್ಮಾರಕದ ವಿಷಯ. ದಂಡೆಯಲ್ಲಿ ರಾಷ್ಟ್ರೀಯ ಸ್ಮಾರಕ ಬೇಡವೆಂದು ನೆರೆಯವರು ಸರ್ಕಾರದ ಮೇಲೆ ದಾವೆ ಹೂಡಿದ್ದರು, 2021ರಲ್ಲಿ ಸೋತರು. "ನಾವು ಮರೆಯಲು ಕೇಳಲಿಲ್ಲ. ದಿನಾ ಬೆಳಿಗ್ಗೆ ಕಿಟಕಿ ತೆರೆದಾಗ ಬೇರೆಯವರು ಬಂದು ನೆನಪಿಸುವುದು ಬೇಡವಾಗಿತ್ತು" ಎಂದು ಅವರು ಹೇಳಿದ್ದನ್ನು ಮಾನಸ ಕನ್ನಡಕ್ಕೆ ತಿರುಗಿಸಿದಳು. ಈಗ ಹೇಗನ್ನಿಸುತ್ತದೆ ಎಂದಾಗ, "ಸುಂದರವಾಗಿದೆ" ಎಂದರು, ಅಷ್ಟೇ. ನಮ್ಮನ್ನು ಇಳಿಸಿ ಕೈಯೆತ್ತಿ ಹೋದರು.

ಸುಂದರವಾಗಿಯೇ ಇದೆ. ದ್ವೀಪಕ್ಕೆ ದೋಣಿ ಹೊರಡುವ ಕಟ್ಟೆಯ ಪಕ್ಕದಲ್ಲಿ ಮೆಟ್ಟಿಲುಗಳು ನೀರಿನವರೆಗೆ ಇಳಿಯುತ್ತವೆ, 77 ಕಂಚಿನ ಕಂಬಗಳು ಸಾಲಾಗಿ ನಿಂತಿವೆ. ಎದುರಿಗೆ ಸುಮಾರು 600 ಮೀಟರ್ ದೂರದಲ್ಲಿ ಉಟೋಯಾ. ನಾನು ಕಲ್ಪಿಸಿಕೊಂಡದ್ದಕ್ಕಿಂತ ತೀರ ಚಿಕ್ಕದು. ಸುಮಾರು 26 ಎಕರೆ, ನಮ್ಮ ಕಡೆ ಒಂದು ದೊಡ್ಡ ಮಾವಿನ ತೋಪಿನಷ್ಟು. ಪೈನ್ ಮರಗಳು, ಒಂದೆರಡು ಚಾವಣಿಗಳು. ಅಲ್ಲಿ ಅಡಗಲು ಜಾಗವೇ ಇರಲಿಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ದ್ವೀಪ ಈಗ ಯುವಜನರ ಶಿಬಿರಗಳಿಗೆ ಬಳಕೆಯಲ್ಲಿರುವುದರಿಂದ ನಮ್ಮಂಥವರು ಹಾಗೆಯೇ ದೋಣಿ ಹತ್ತಿ ಹೋಗುವಂತಿಲ್ಲ, ಮೊದಲೇ ವಿಚಾರಿಸಿಕೊಂಡಿರಬೇಕು. ನನಗೆ ದಂಡೆಯೇ ಸಾಕಾಗಿತ್ತು. ಮಕ್ಕಳು ಸತ್ತ ಉಪಾಹಾರ ಗೃಹದ ಒಂದು ಭಾಗವನ್ನು ದ್ವೀಪದಲ್ಲಿ ಹಾಗೆಯೇ ಉಳಿಸಿ, ಅದರ ಸುತ್ತ ಹೊಸ ಕಟ್ಟಡ ಕಟ್ಟಿದ್ದಾರೆ. ಚಾವಣಿಯನ್ನು ಹೊತ್ತ 69 ಕಂಬಗಳು ದ್ವೀಪದಲ್ಲಿ ಸತ್ತವರಿಗಾಗಿ, ಹೊರಗೆ ಬೇಲಿಯಂತೆ ಸುತ್ತುವರಿದ 495 ಕಂಬಗಳು ಬದುಕಿ ಬಂದವರಿಗಾಗಿ.

ಆ ಮೆಟ್ಟಿಲ ಮೇಲೆ ಎರಡು ಗಂಟೆ ಕುಳಿತೆವು. ತೀರ್ಪಿನ ದಿನಕ್ಕೆ ಮುನ್ನ ಆ ನ್ಯಾಯಾಲಯದಲ್ಲಿ ಪಾತ್ರಗಳೆಲ್ಲ ಅದಲುಬದಲಾಗಿದ್ದವು: ಅವನು ರೋಗಿ, ಅವನನ್ನು ಚಿಕಿತ್ಸೆಗೆ ಒಪ್ಪಿಸಿ ಎಂದು ಕೇಳಿದವರು ಅಭಿಯೋಜಕರು, ಅವನು ಸ್ವಸ್ಥ, ಶಿಕ್ಷಿಸುವುದಾದರೆ ಶಿಕ್ಷಿಸಿ ಎಂದವರು ಅವನದೇ ವಕೀಲರು, ಏಕೆಂದರೆ ಅವನ ಇಚ್ಛೆ ಅದಾಗಿತ್ತು. ರಾಜಕೀಯ ಹೋರಾಟಗಾರನನ್ನು ಹುಚ್ಚಾಸ್ಪತ್ರೆಗೆ ಕಳಿಸುವುದು ಕೊಲ್ಲುವುದಕ್ಕಿಂತ ಕ್ರೂರ ಎಂದು ಅವನು ಪತ್ರ ಬರೆದಿದ್ದ. ಹಾಗಾದರೆ ಸ್ವಸ್ಥನೆಂದು ತೀರ್ಪು ಕೊಡುವುದು ಅವನಿಗೆ ಬೇಕಾದ್ದನ್ನು ಕೊಟ್ಟಂತಲ್ಲವೇ ಎಂದು ಮಾನಸ ಕೇಳಿದಳು. ಅನೇಕರು ಅಂದು ಹಾಗೆಯೇ ಕೇಳಿದರು. ಅವನಿಗೆ ಏನು ಬೇಕು, ಏನು ಬೇಡ ಎಂಬುದು ನ್ಯಾಯಾಲಯದ ತಕ್ಕಡಿಯಲ್ಲಿ ಇರಲೇಬಾರದು ಎಂದು ನಾನು ಹೇಳಿದೆ. ದೊಡ್ಡ ನೋವಿನ ಮನೆಯಲ್ಲಿ ಅದನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಆ ದ್ವೀಪವನ್ನು ನೋಡುತ್ತ ಹೇಳಿದಾಗ ನನಗೇ ಅರಿವಾಯಿತು.

ಸರ್ಕಾರಿ ಅಭಿಯೋಜಕರ ಕೊನೆಯ ವಾದದಲ್ಲಿನ ಒಂದು ವಿಚಾರವನ್ನು ನಾನು ಯಾವತ್ತೂ ಮರೆಯಲಾರೆ. ರೋಗವಿಲ್ಲದವನು ತಪ್ಪಾಗಿ ಚಿಕಿತ್ಸೆಗೆ ಹೋಗುವುದಕ್ಕಿಂತ, ರೋಗಿಯೊಬ್ಬ ತಪ್ಪಾಗಿ ಸೆರೆಗೆ ಹೋಗುವುದು ಹೆಚ್ಚು ಕೆಟ್ಟದ್ದು ಎಂದು ಅವರು ಹೇಳಿದ್ದರು. ಅಷ್ಟು ಹೆಣಗಳ ನಂತರ, ಇಡೀ ದೇಶದ ಎದುರಿಗೆ, ಸರ್ಕಾರದ ಪರ ನಿಂತವರು ಆಡಿದ ಮಾತು ಅದು. ನನ್ನ ಕಕ್ಷಿದಾರನಿಗೆ ಆ ಮಾತು ಸಿಗಲಿಲ್ಲ.

ಅವನ ಪ್ರಕರಣದಲ್ಲಿ ನಡೆದದ್ದು ಓಸ್ಲೋದ ತಪ್ಪಿಗೆ ಸರಿಯಾಗಿ ತಿರುವುಮುರುವು ಎಂದು ನನಗೆ ಹೊಳೆದದ್ದು ಆ ದಂಡೆಯಲ್ಲಿ. ಒಂದು ಸಮುದಾಯವೋ ಉಪಸಮುದಾಯವೋ ಸಾಮಾನ್ಯವಾಗಿ ಒಪ್ಪಿರುವ ನಂಬಿಕೆಯನ್ನು ಮನೋವೈದ್ಯರು ಭ್ರಮೆ ಎಂದು ಎಣಿಸುವುದಿಲ್ಲ. ಓಸ್ಲೋದ ಮೊದಲ ವೈದ್ಯರಿಗೆ ಬ್ರೈವಿಕ್‌ನ ಹಿಂದಿದ್ದ ಆ ಉಪಸಮುದಾಯದ ಪರಿಚಯವಿರಲಿಲ್ಲ. ಹಾಗಾಗಿ ಸಿದ್ಧಾಂತ ಅವರ ಕಿವಿಗೆ ರೋಗವಾಗಿ ಕೇಳಿಸಿತು. ನಮ್ಮ ಜಿಲ್ಲೆಯಲ್ಲಿ ಮೈಮೇಲೆ ಬರುವುದು, ದೆವ್ವ ಹಿಡಿಯುವುದು ಎಲ್ಲರಿಗೂ ಪರಿಚಿತವಾದ ಮಾತು. ಹಾಗಾಗಿ ರೋಗ ಎಲ್ಲರ ಕಿವಿಗೂ ನಂಬಿಕೆಯಾಗಿ ಕೇಳಿಸಿತು. ಇದು ಮೂಢನಂಬಿಕೆ, ಮತಿವಿಕಲತೆಯಲ್ಲ ಎಂದು ತೀರ್ಪಿನಲ್ಲಿ ಬರೆಯಲಾಯಿತು. ಊರಿನವರು ನಂಬುವ ದೆವ್ವಕ್ಕೆ ಒಂದು ಹೆಸರಿರುತ್ತದೆ, ಬಿಡಿಸುವ ಪೂಜಾರಿ ಇರುತ್ತಾನೆ, ಕೋಳಿ ಕೊಟ್ಟರೆ ಹೋಗುತ್ತದೆ. ಅವನ ದೆವ್ವಕ್ಕೆ ಇದಾವುದೂ ಇರಲಿಲ್ಲ, ಅದನ್ನು ಕಂಡವನು ಅವನೊಬ್ಬನೇ. ಈ ಭೇದವನ್ನು ನಾನು ಅಂದು ನ್ಯಾಯಾಲಯಕ್ಕೆ ಬಿಡಿಸಿ ತೋರಿಸಲಿಲ್ಲ.

ಐದನೆಯ ದಿನ: ಸುಂಡ್‌ವೊಲೆನ್

ರಾತ್ರಿ ಉಳಿದದ್ದು ದ್ವೀಪಕ್ಕೆ ಹತ್ತಿರದ ಸುಂಡ್‌ವೊಲೆನ್ ಎಂಬ ಊರಿನಲ್ಲಿ. ಅಂದು ಬದುಕುಳಿದ ಮಕ್ಕಳನ್ನೂ ಹುಡುಕಿಕೊಂಡು ಬಂದ ತಂದೆ ತಾಯಿಯರನ್ನೂ ಸೇರಿಸಿದ್ದು ಇದೇ ಊರಿನ ಹೋಟೆಲಿನಲ್ಲಿ. ಬೆಳಿಗ್ಗೆ ಕಡಿದಾದ ಕಣಿವೆಯ ಹಾದಿ ಹತ್ತಿ 'ರಾಜನ ನೋಟ' ಎಂಬ ಬಂಡೆಯ ಅಂಚಿಗೆ ಹೋದೆವು. ಮೊಣಕಾಲು ನೋವಿರುವವರು ಇಳಿಯುವಾಗ ಊರುಗೋಲು ಹಿಡಿದಿರಬೇಕು. ನಾನು ಒಮ್ಮೆ ಜಾರಿ ಬಿದ್ದು ಅಂಗೈ ತರಚಿಕೊಂಡೆ.

ಗಾಯಕ್ಕೆ ಪಟ್ಟಿ ಹಚ್ಚಿದ್ದು ಮೇಲೆ ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದ ಒಬ್ಬ ನಿವೃತ್ತ ಶಿಕ್ಷಕಿ. ಅವರು ನಾಲ್ಕು ವರ್ಷ ತಮ್ಮ ಕಡೆಯ ನ್ಯಾಯಾಲಯದಲ್ಲಿ ಜನಸಾಮಾನ್ಯ ನ್ಯಾಯಾಧೀಶೆಯಾಗಿ ಕುಳಿತವರೆಂದು ತಿಳಿದಾಗ ನನ್ನ ನೋವು ಮರೆತುಹೋಯಿತು. ನಾರ್ವೆಯಲ್ಲಿ ಕಾನೂನು ಓದದ ನಾಗರಿಕರನ್ನು ಸ್ಥಳೀಯ ಆಡಳಿತಗಳು ಆರಿಸಿ ಕಳಿಸುತ್ತವೆ, ಅವರ ಮತಕ್ಕೆ ವೃತ್ತಿಪರ ನ್ಯಾಯಾಧೀಶರ ಮತದಷ್ಟೇ ತೂಕ. ಬ್ರೈವಿಕ್ ಪೀಠದ ಐವರಲ್ಲಿ ಮೂವರು ಅಂಥವರು. ಅವರಲ್ಲೊಬ್ಬರು, ಈ ಕೃತ್ಯಕ್ಕೆ ಮರಣದಂಡನೆಯೇ ನ್ಯಾಯ ಎಂದು ಹಿಂದೆ ಫೇಸ್‌ಬುಕ್‌ನಲ್ಲಿ ಬರೆದಿದ್ದುದು ಬೆಳಕಿಗೆ ಬಂದು ಎರಡನೆಯ ದಿನವೇ ಪೀಠದಿಂದ ಇಳಿಯಬೇಕಾಯಿತು. ಆ ಇಡೀ ದೇಶ ಅದೇ ಸಿಟ್ಟಿನಲ್ಲಿದ್ದಾಗಲೂ.

"ವೈದ್ಯರ ವರದಿ ಮುಂದಿಟ್ಟಾಗ ನಮ್ಮಂಥವರು ಏನು ಮಾಡಬೇಕು?" ಎಂದು ಅವರು ನನ್ನನ್ನೇ ಕೇಳಿದರು. "ನನಗೆ ಗಣಿತ ಗೊತ್ತು, ಹದಿಮೂರು ವರ್ಷದ ಮಕ್ಕಳು ಗೊತ್ತು. ಒಬ್ಬ ಕಳ್ಳನ ಪ್ರಕರಣದಲ್ಲಿ ವರದಿ ಓದಿದೆ. ಅರ್ಥವಾಗದ್ದನ್ನು ಕೇಳಿದೆ. ಕೇಳಿದಾಗ ವೈದ್ಯರಿಗೂ ಕೆಲವು ಕಡೆ ಉತ್ತರವಿರಲಿಲ್ಲ." 2012ರ ಆಗಸ್ಟ್ 24ರಂದು ಓಸ್ಲೋದ ಐವರೂ ಒಮ್ಮತದಿಂದ ಬರೆದ ತೀರ್ಪಿನಲ್ಲಿ ಇದೇ ಕೆಲಸ ನಡೆದಿದೆ. ಟೆಂಪ್ಲರ್ ಸಂಘ ಇತ್ತೆಂಬುದಕ್ಕೆ ಪುರಾವೆಯಿಲ್ಲ ಎಂದರು, ಆದರೂ ಅದನ್ನು ಭ್ರಮೆ ಎನ್ನಲಿಲ್ಲ. ಅವನ ವಿಚಾರಗಳು ಎಷ್ಟೇ ಅಸಂಗತವಾಗಿದ್ದರೂ ಅವನ್ನು ಹಂಚಿಕೊಂಡವರು ಹೊರಗೆ ಇದ್ದಾರೆ ಎಂದು ಗುರುತಿಸಿದರು. 21 ವರ್ಷಗಳ ತಡೆಬಂಧನ, ಅಪಾಯ ಉಳಿದಿದೆ ಎನಿಸಿದರೆ ಮುಂದೆಯೂ ವಿಸ್ತರಿಸಬಹುದಾದದ್ದು. ಕಾನೂನನ್ನೂ ಅವರು ಹಾಗೆಯೇ ಬಿಡಲಿಲ್ಲ; ಸಮಿತಿ ಕೂತು, ಚರ್ಚೆಯಾಗಿ, 2020ರಲ್ಲಿ ಹೊಸ ನಿಯಮ ಜಾರಿಗೆ ಬಂದಿತು. ರೋಗದ ಹೆಸರೊಂದೇ ಈಗ ಸಾಲದು, ಅದು ಮನಸ್ಸನ್ನು ಎಷ್ಟರ ಮಟ್ಟಿಗೆ ಕೆಡಿಸಿತ್ತು ಎಂಬುದನ್ನು ನ್ಯಾಯಾಲಯ ತೂಗಬೇಕು.

ಶಿಕ್ಷಕಿ ಬಂಡೆಯ ಅಂಚಿನಿಂದ ಸರೋವರದ ಆಚೆ ಕೈ ತೋರಿಸಿದರು. ಅವನು ಈಗ ಇರುವ ರಿಂಗೆರಿಕೆ ಸೆರೆಮನೆ ಅದೇ ನೀರಿನ ದಂಡೆಯಲ್ಲಿದೆ. ಒಂಟಿಯಾಗಿ ಇರಿಸಿರುವುದು ಮಾನವ ಹಕ್ಕುಗಳ ಉಲ್ಲಂಘನೆ ಎಂದು ಅವನು ಹೂಡಿದ ದಾವೆಯ ವಿಚಾರಣೆ ಆ ವರ್ಷದ ಜನವರಿಯಲ್ಲಿ ಸೆರೆಮನೆಯ ವ್ಯಾಯಾಮ ಶಾಲೆಯಲ್ಲಿಯೇ ನಡೆದು, ಫೆಬ್ರುವರಿಯಲ್ಲಿ ವಜಾ ಆಗಿತ್ತು. ನನ್ನ ಕಣ್ಣಿಗೆ ಕಟ್ಟಡವೇನೂ ಕಾಣಲಿಲ್ಲ, ಕಾಡು ಮಾತ್ರ ಕಂಡಿತು.

ಕೆಳಗಿಳಿದು ಊಟಕ್ಕೆ ಕುಳಿತಾಗ ಆ ಸೀಮೆಯ ಹೆಸರುವಾಸಿ ಕೆಂಪು ಸಿಪ್ಪೆಯ ಪುಟ್ಟ ಆಲೂಗಡ್ಡೆಗಳನ್ನು ಬೇಯಿಸಿ, ಬೆಣ್ಣೆ, ಸಬ್ಬಸಿಗೆ ಸೊಪ್ಪು ಹಾಕಿ ಕೊಟ್ಟರು. ಸಬ್ಬಸಿಗೆಯ ವಾಸನೆಗೆ ಮಾನಸ ಮನೆಯ ನೆನಪಾಗಿ ಅತ್ತಳು. ನಾನೂ ಸುಮ್ಮನೆ ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತೆ.

ಊರಿಗೆ ಬಂದ ಮೇಲೆ

ನಾನು ಮರಳಿದ ಮರುವಾರ, ಜುಲೈ 1ರಿಂದ, ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. 84ನೇ ಕಲಮು 22ನೇ ಕಲಮಾಗಿದೆ, ಒಳಗಿನ ತಿರುಳು ಹಳೆಯದೇ. ಜುಲೈ 4ರಂದು ಮಾನಸ ಸಂದೇಶ ಕಳಿಸಿದಳು: ಓಸ್ಲೋದ 2022ರ ಗುಂಡಿನ ದಾಳಿಯ ಆರೋಪಿ ಹೊಣೆಗಾರನೆಂದು ತೀರ್ಪಾಗಿ 30 ವರ್ಷಗಳ ತಡೆಬಂಧನ ಆಗಿತ್ತು.

ಅಂದು ಸಂಜೆ ಅಟ್ಟದಿಂದ 1998ರ ಕಡತ ಇಳಿಸಿದೆ. ನನ್ನ ಕಕ್ಷಿದಾರ ಸೆರೆಮನೆಯಲ್ಲಿಯೇ ತೀರಿಕೊಂಡು ಬಹಳ ವರ್ಷಗಳಾದವು. ಅವನು ಸ್ವಸ್ಥನಾಗಿದ್ದ ಎಂಬುದಕ್ಕೆ ಅಭಿಯೋಜನೆ ನೆಚ್ಚಿಕೊಂಡ ಸಾಕ್ಷಿ ಬೀಡಿ ಅಂಗಡಿಯವನು. ಕೊಲೆಯ ದಿನ ಬೆಳಿಗ್ಗೆ ಅವನು ಬಂದು ಬೀಡಿ ಕೊಂಡು, ಚಿಲ್ಲರೆಯನ್ನು ಸರಿಯಾಗಿ ಎಣಿಸಿಕೊಂಡು ಹೋದ ಎಂಬ ಹೇಳಿಕೆಯ ಮೇಲೆ ತೀರ್ಪಿನ ಎರಡು ಪುಟ ನಿಂತಿವೆ. ಹಳದಿಯಾದ ಆ ಹಾಳೆಯಲ್ಲಿ ಮುಂದಿನ ಸಾಲು ಹೀಗಿದೆ: ಎಣಿಸುವಾಗ ಪಕ್ಕದಲ್ಲಿ ಯಾರೋ ಇದ್ದಂತೆ ಅವನು ಮಾತನಾಡುತ್ತಿದ್ದ, ಆದರೆ ಯಾರೂ ಇರಲಿಲ್ಲ. ಅದರ ಕೆಳಗೆ ನನ್ನ ಪಾಟೀಸವಾಲು ಶುರುವಾಗುತ್ತದೆ. ನಾನು ಕೇಳಿದ ಮೊದಲ ಪ್ರಶ್ನೆ ಅಂಗಡಿಯಿಂದ ಅವನ ಮನೆಗೆ ಎಷ್ಟು ದೂರ ಎಂಬುದು.